ಯಾವ ಉಪ್ಪು ತರಬೇಕು? ಬಿಪಿ, ಕಿಡ್ನಿ, ಹೃದಯ ನೋಡಿಕೊಂಡು ಆರಿಸುವ ಬಗೆ

ಮೊದಲೆಲ್ಲ ಅಂಗಡಿಯಲ್ಲಿ ಎರಡೇ ಉಪ್ಪು ಸಿಗುತ್ತಿದ್ದವು, ಪುಡಿ ಉಪ್ಪು ಮತ್ತು ಕಲ್ಲುಪ್ಪು. ಈಗ ಸೂಪರ್ ಮಾರ್ಕೆಟ್ಟಿನಲ್ಲಿ ಉಪ್ಪಿಗೇ ಒಂದು ಇಡೀ ಸಾಲು ಇದೆ. ಗುಲಾಬಿ ಬಣ್ಣದ್ದು, ಕಪ್ಪು ಬಣ್ಣದ್ದು, 'ಲೈಟ್', 'ಲೋ ಸೋಡಿಯಂ', ಕಬ್ಬಿಣ ಸೇರಿಸಿದ್ದು. ಮನೆಯಲ್ಲಿ ಯಾರಿಗಾದರೂ ಬಿಪಿ ಅಂತ ಗೊತ್ತಾದ ದಿನವೇ ನೆಂಟರ ಸಲಹೆ ಶುರುವಾಗುತ್ತದೆ. "ಪುಡಿ ಉಪ್ಪು ಬಿಟ್ಟುಬಿಡಿ, ಸೈಂಧವ ಲವಣ ಹಾಕಿ, ಅದರಲ್ಲಿ ಎಂಬತ್ನಾಲ್ಕು ಖನಿಜ ಇದೆಯಂತೆ." ಇನ್ನೊಬ್ಬರು ಕಲ್ಲುಪ್ಪೇ ಒಳ್ಳೆಯದು ಅನ್ನುತ್ತಾರೆ. ಮಗ ಆನ್‌ಲೈನ್‌ನಲ್ಲಿ ಲೋ ಸೋಡಿಯಂ ಪಾಕೀಟು ತರಿಸುತ್ತಾನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆ ಸಾಲಿನಲ್ಲಿ ಏನೇ ಇರಲಿ, ಬಿಪಿ, ಕಿಡ್ನಿ, ಹೃದಯದ ಲೆಕ್ಕಕ್ಕೆ ನಿಜವಾದ ಆಯ್ಕೆ ಎರಡೇ. ಮಾಮೂಲಿ ಅಯೋಡಿನ್ ಉಪ್ಪನ್ನೇ ಕಡಿಮೆ ಹಾಕುವುದು ಒಂದು. ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪಿಗೆ ಬದಲಾಗುವುದು ಇನ್ನೊಂದು. ಉಳಿದದ್ದೆಲ್ಲ ಬಣ್ಣ, ರುಚಿ ಮತ್ತು ಬೆಲೆಯ ವಿಷಯ. ಎರಡರಲ್ಲಿ ನಿಮಗೆ ಯಾವುದು ಆಗುತ್ತದೆ ಅನ್ನುವುದು ಮನೆಯವರ ಕಿಡ್ನಿ ಹೇಗಿದೆ ಅನ್ನುವುದರ ಮೇಲೆ ನಿಂತಿದೆ.

ಉಪ್ಪು ಒಳಗೆ ಹೋದ ಮೇಲೆ

ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್. ತೂಕದಲ್ಲಿ ಸುಮಾರು ಶೇ. 40ರಷ್ಟು ಸೋಡಿಯಂ. 5 ಗ್ರಾಂ ಉಪ್ಪು ತಿಂದರೆ 2 ಗ್ರಾಂ ಸೋಡಿಯಂ ತಿಂದ ಹಾಗೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ ಹೇಳುವ ಮಿತಿ ಇದೇ, 5 ಗ್ರಾಂಗಿಂತ ಕಡಿಮೆ ಉಪ್ಪು. ಒಂದು ಟೀ ಚಮಚ ಪುಡಿ ಉಪ್ಪು ಅಂದುಕೊಳ್ಳಿ, ಅದೂ ಗೋಪುರ ಕಟ್ಟದೆ. ನಮ್ಮ ದೇಶದ ಬೇರೆ ಬೇರೆ ಸಮೀಕ್ಷೆಗಳಲ್ಲಿ ಜನ ತಿನ್ನುತ್ತಿರುವುದು ಸರಾಸರಿ 8ರಿಂದ 11 ಗ್ರಾಂ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುವ ಗಾದೆ ದೇಹದ ಮಟ್ಟಿಗೆ ಅಕ್ಷರಶಃ ನಿಜ. ರಕ್ತದಲ್ಲಿ ಸೋಡಿಯಂ ಏರಿದರೆ ಬಾಯಾರಿಕೆ ಆಗುತ್ತದೆ, ಕುಡಿದ ನೀರನ್ನು ಸೋಡಿಯಂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತನಾಳದಲ್ಲಿ ಹರಿಯುವ ಪ್ರಮಾಣ ಹೆಚ್ಚುತ್ತದೆ. ಹೆಚ್ಚಾದದ್ದನ್ನು ಹೊರಗೆ ಹಾಕುವುದು ಕಿಡ್ನಿಯ ಕೆಲಸ. ಎರಡೂ ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಅದರಲ್ಲಿದ್ದ ಸೋಡಿಯಂನಲ್ಲಿ ಶೇ. 99ಕ್ಕಿಂತ ಜಾಸ್ತಿ ವಾಪಸ್ ಎಳೆದುಕೊಳ್ಳುತ್ತವೆ. ಆ ಕೊನೆಯ ಒಂದು ಭಾಗವನ್ನು ಏರಿಸಿ ಇಳಿಸಿಯೇ ದೇಹ ಲೆಕ್ಕ ಸರಿದೂಗಿಸುತ್ತದೆ. ಕೆಲವರ ಕಿಡ್ನಿ ಇದನ್ನು ಸಲೀಸಾಗಿ ಮಾಡುತ್ತದೆ. ಇನ್ನು ಕೆಲವರಲ್ಲಿ, ಅದರಲ್ಲೂ ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಆಗಲೇ ಕಿಡ್ನಿ ಸೋತವರಲ್ಲಿ, ಒತ್ತಡ ಏರಿದರೆ ಮಾತ್ರ ಅಷ್ಟು ಉಪ್ಪನ್ನು ಹೊರಗೆ ತಳ್ಳಲು ಆಗುತ್ತದೆ. ಹಾಗಾಗಿ ಒಂದೇ ಮನೆಯಲ್ಲಿ ಒಂದೇ ಸಾರು ಉಂಡ ಗಂಡನಿಗೆ ಬಿಪಿ ಏರಿ ಹೆಂಡತಿಗೆ ಏನೂ ಆಗದೆ ಇರಬಹುದು.

ಒತ್ತಡ ವರ್ಷಗಟ್ಟಲೆ ಹಾಗೇ ಇದ್ದರೆ ಹೃದಯದ ಎಡಭಾಗದ ಗೋಡೆ ದಪ್ಪವಾಗುತ್ತದೆ, ಗಡುಸಾಗುತ್ತದೆ. ಮೆದುಳಿನ ರಕ್ತನಾಳಕ್ಕೆ ಪೆಟ್ಟಾದರೆ ಸ್ಟ್ರೋಕ್. ಕಿಡ್ನಿಯ ಸೋಸುವ ಸಣ್ಣ ಸಣ್ಣ ಗಂಟುಗಳು ಒತ್ತಡಕ್ಕೆ ಹಾಳಾಗಿ ಮೂತ್ರದಲ್ಲಿ ಪ್ರೋಟೀನ್ ಸೋರಲು ಶುರುವಾಗುತ್ತದೆ. ಕಿಡ್ನಿ ಸೋತಷ್ಟೂ ಉಪ್ಪು ಹೊರಗೆ ಹೋಗುವುದು ಕಷ್ಟ, ಬಿಪಿ ಇನ್ನೂ ಏರುತ್ತದೆ. ಉಪ್ಪು ಜಾಸ್ತಿ ಆದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಕೂಡ ಜಾಸ್ತಿ ಹೋಗುತ್ತದೆ. ಕಿಡ್ನಿ ಕಲ್ಲಿನ ತೊಂದರೆ ಇರುವವರಿಗೆ "ನೀರು ಜಾಸ್ತಿ, ಉಪ್ಪು ಕಡಿಮೆ" ಅನ್ನುವುದು ಇದಕ್ಕೇ.

ಉಪ್ಪು ಇಳಿಸಿದರೆ ಎಷ್ಟು ಫಲ? 2001ರಲ್ಲಿ ಅಮೆರಿಕದಲ್ಲಿ ನಡೆದ ಡ್ಯಾಶ್-ಸೋಡಿಯಂ ಪ್ರಯೋಗದಲ್ಲಿ 412 ಜನರಿಗೆ ಮೂರು ಮಟ್ಟದ ಉಪ್ಪಿನ ಊಟ ಕೊಟ್ಟು ನೋಡಿದರು. ಬಿಪಿ ಇದ್ದವರಲ್ಲಿ, ಹಣ್ಣು ತರಕಾರಿ ಮತ್ತು ಕೊಬ್ಬು ತೆಗೆದ ಹಾಲು ಹೆಚ್ಚಿರುವ ಊಟದ ಜೊತೆ ಉಪ್ಪೂ ತೀರಾ ಕಡಿಮೆ ಆದಾಗ, ಜಾಸ್ತಿ ಉಪ್ಪಿನ ಮಾಮೂಲಿ ಅಮೆರಿಕನ್ ಊಟಕ್ಕಿಂತ ಬಿಪಿಯ ಮೇಲಿನ ಸಂಖ್ಯೆ (120/80ರಲ್ಲಿ 120 ಇರುವ ಜಾಗದ್ದು) ಸುಮಾರು 11 ಪಾಯಿಂಟ್ ಕೆಳಗೆ ಬಂತು. ಒಂದು ಮಾತ್ರೆಯಿಂದ ಬರುವ ಇಳಿಕೆಗೆ ಇದು ಸಮ.

ಬಣ್ಣದ ಉಪ್ಪುಗಳ ವಿಷಯ ಬೇಗ ಮುಗಿಸೋಣ

ಸೈಂಧವ ಲವಣ ಅಂತ ಮಾರುವ ಗುಲಾಬಿ ಉಪ್ಪು ಹೆಚ್ಚಾಗಿ ಬರುವುದು ಪಾಕಿಸ್ತಾನದ ಪಂಜಾಬಿನ ಖೇವ್ಡಾ ಗಣಿಯ ಕಡೆಯಿಂದ. ಬಣ್ಣ ಕೊಟ್ಟಿರುವುದು ಕಬ್ಬಿಣದ ಆಕ್ಸೈಡ್. ಅದರಲ್ಲಿ ಬೇರೆ ಖನಿಜಗಳಿರುವುದು ನಿಜ, ಆದರೆ ಚೂರೇ ಚೂರು. ಶೇ. 95ಕ್ಕಿಂತ ಹೆಚ್ಚು ಭಾಗ ಅದೇ ಸೋಡಿಯಂ ಕ್ಲೋರೈಡ್. ಆ ಖನಿಜಗಳು ದೇಹಕ್ಕೆ ಲೆಕ್ಕಕ್ಕೆ ಸಿಗುವಷ್ಟು ಬೇಕೆಂದರೆ ತಿನ್ನಬೇಕಾದ ಉಪ್ಪಿನ ಪ್ರಮಾಣಕ್ಕೆ ಬಿಪಿ ಗಗನಕ್ಕೆ ಹೋಗುತ್ತದೆ. ಒಂದು ಹಿಡಿ ಹುರುಳಿಕಾಳಿನಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಖನಿಜ ಇದೆ, ಬೆಲೆಯೂ ಕಡಿಮೆ.

ಕಪ್ಪುಪ್ಪಿನ ಆ ಮೊಟ್ಟೆಯಂಥ ವಾಸನೆ ಗಂಧಕದ ಸಂಯುಕ್ತಗಳದ್ದು. ಚಾಟ್ ಮೇಲೆ, ಮಜ್ಜಿಗೆಗೆ ಚಿಟಿಕೆ ಹಾಕಿದರೆ ಚೆನ್ನ. ಬಿಪಿಗೆ ಅದರಿಂದ ಯಾವ ರಿಯಾಯಿತಿಯೂ ಇಲ್ಲ.

ಕಲ್ಲುಪ್ಪು ನಮ್ಮದೇ. ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಇಂದಿಗೂ ಸಮುದ್ರದ ನೀರು ಕಟ್ಟಿ, ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಉಪ್ಪಿನಕಾಯಿಗೆ, ಹಲಸಿನ ಸೊಳೆ ಉಪ್ಪಿಗೆ ಹಾಕಲು, ಮಾವಿನಮಿಡಿಗೆ ಕಲ್ಲುಪ್ಪೇ ಆಗಬೇಕು ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. ಆದರೆ ಗ್ರಾಂಗೆ ಗ್ರಾಂ ತೂಗಿದರೆ ಸೋಡಿಯಂ ಪುಡಿ ಉಪ್ಪಿನಷ್ಟೇ. ಚಮಚದಲ್ಲಿ ಅಳೆದಾಗ ಮಾತ್ರ ಹರಳುಗಳ ನಡುವೆ ಜಾಗ ಉಳಿದು ಸ್ವಲ್ಪ ಕಡಿಮೆ ಬೀಳುತ್ತದೆ. ರುಚಿ ಸಾಲದೆ ಇನ್ನೊಂದು ಚಿಟಿಕೆ ಹಾಕಿದರೆ ಆ ಲಾಭವೂ ಹೋಯಿತು.

ಈ ಮೂರಕ್ಕೂ ಒಂದು ಕೊರತೆ ಇದೆ, ಅಯೋಡಿನ್. ಮಲೆನಾಡಿನ ಕಡೆ ಗಂಟಲು ಊದಿದ ಗಳಗಂಡದವರು ಹಿಂದೆ ಕಾಣುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಕೇಂದ್ರ ಸರ್ಕಾರ 1962ರಲ್ಲೇ ಗಳಗಂಡ ತಡೆಯುವ ಕಾರ್ಯಕ್ರಮ ಶುರು ಮಾಡಿತು. ಊಟಕ್ಕೆ ಮಾರುವ ಉಪ್ಪಿನಲ್ಲಿ ಅಯೋಡಿನ್ ಇರಲೇಬೇಕು ಅನ್ನುವ ನಿಯಮ ಮಧ್ಯದಲ್ಲಿ ಕೆಲವು ವರ್ಷ ಸಡಿಲವಾಗಿ, 2006ರಲ್ಲಿ ಮತ್ತೆ ದೇಶದ ತುಂಬ ಜಾರಿಗೆ ಬಂತು. ನಮ್ಮ ಕೈಗೆ ಸಿಗುವ ಹೊತ್ತಿಗೆ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ಬಸುರಿ, ಬಾಣಂತಿ, ಚಿಕ್ಕ ಮಕ್ಕಳು ಇರುವ ಮನೆಯಲ್ಲಿ ಪೂರ್ತಿ ಗುಲಾಬಿ ಉಪ್ಪಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಮಗುವಿನ ಮೆದುಳಿನ ಬೆಳವಣಿಗೆಗೆ ಅಯೋಡಿನ್ ಬೇಕು. ಕೆಲವು ಕಲ್ಲುಪ್ಪಿನ ಪಾಕೀಟುಗಳಲ್ಲೂ ಅಯೋಡಿನ್ ಸೇರಿಸಿರುತ್ತಾರೆ, ತಿರುಗಿಸಿ ಓದಿ ನೋಡಿ.

ಕಬ್ಬಿಣ ಸೇರಿಸಿದ ಉಪ್ಪು ರಕ್ತಹೀನತೆಗೆಂದು ಮಾಡಿದ್ದು. ಅದರಲ್ಲೂ ಸೋಡಿಯಂ ಅಷ್ಟೇ ಇದೆ.

ಕಡಿಮೆ ಸೋಡಿಯಂ ಉಪ್ಪು: ಇಲ್ಲಿ ಸ್ವಲ್ಪ ನಿಲ್ಲಬೇಕು

ಇದರಲ್ಲಿ ಸೋಡಿಯಂ ಕ್ಲೋರೈಡಿನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಲಾಭ ಎರಡು ಕಡೆಯಿಂದ. ಸೋಡಿಯಂ ಕಡಿಮೆಯಾಗುತ್ತದೆ. ಪೊಟ್ಯಾಸಿಯಂ ಹೆಚ್ಚಾಗುತ್ತದೆ, ಅದು ಕಿಡ್ನಿಗೆ ಸೋಡಿಯಂ ಹೊರಹಾಕಲು ನೆರವಾಗಿ ಬಿಪಿ ಇಳಿಸುತ್ತದೆ.

ಇದಕ್ಕೆ ಇರುವ ಪುರಾವೆ ಗಟ್ಟಿ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ಹೆಚ್ಚುಕಡಿಮೆ ಐದು ವರ್ಷ ನಡೆದ ಪ್ರಯೋಗ 2021ರಲ್ಲಿ ಪ್ರಕಟವಾಯಿತು. ಸ್ಟ್ರೋಕ್ ಆಗಿದ್ದವರು, ಇಲ್ಲವೇ 60 ದಾಟಿ ಬಿಪಿ ಇದ್ದವರು ಅದರಲ್ಲಿದ್ದರು. ಅರ್ಧ ಹಳ್ಳಿಗಳಿಗೆ ಮುಕ್ಕಾಲು ಸೋಡಿಯಂ ಕ್ಲೋರೈಡ್, ಕಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು ಕೊಟ್ಟರು. ಆ ಹಳ್ಳಿಗಳಲ್ಲಿ ಸ್ಟ್ರೋಕ್ ಶೇ. 14ರಷ್ಟು, ಸಾವು ಶೇ. 12ರಷ್ಟು ಕಡಿಮೆಯಾಯಿತು. ಅಡುಗೆಮನೆಯ ಒಂದು ಡಬ್ಬಿ ಬದಲಾಯಿಸಿದ್ದಕ್ಕೆ ಇಷ್ಟು ಸಿಗುವುದು ವೈದ್ಯಕೀಯದಲ್ಲಿ ಅಪರೂಪ. ನಮ್ಮ ಪಕ್ಕದ ತೆಲಂಗಾಣದ ಸಿದ್ದಿಪೇಟೆ ಕಡೆಯ ಏಳು ಹಳ್ಳಿಗಳಲ್ಲೂ ಬಿಪಿ ಇರುವ ಸುಮಾರು 500 ಜನರ ಮೇಲೆ ಪರೀಕ್ಷೆ ಮಾಡಿದ್ದಾರೆ. ಮೂರೇ ತಿಂಗಳಲ್ಲಿ ಮೇಲಿನ ಸಂಖ್ಯೆ 4.6 ಪಾಯಿಂಟ್ ಇಳಿಯಿತು. ಸಾರು, ಪಲ್ಯ, ಉಪ್ಪಿನಕಾಯಿ ತಿನ್ನುವವರೇ ಅವರೂ ಕೂಡ.

ಅಮೆರಿಕ, ಇಂಗ್ಲೆಂಡಿನಲ್ಲಿ ಜನ ತಿನ್ನುವ ಉಪ್ಪಿನ ಮುಕ್ಕಾಲು ಭಾಗ ಬ್ರೆಡ್, ಡಬ್ಬಿ ಸೂಪು, ಸಂಸ್ಕರಿಸಿದ ಮಾಂಸದ ಮೂಲಕ ಬರುತ್ತದೆ. ಅಲ್ಲಿ ಮನೆಯ ಉಪ್ಪು ಬದಲಾಯಿಸಿದರೆ ದೊಡ್ಡ ಫಲ ಇಲ್ಲ. ನಮ್ಮಲ್ಲಿ ಹೆಚ್ಚಿನ ಉಪ್ಪು ಬೀಳುವುದು ಒಲೆಯ ಪಕ್ಕದ ಡಬ್ಬಿಯಿಂದಲೇ. ಹಾಗಾಗಿ ಈ ಬದಲಾವಣೆ ಅಮೆರಿಕದವರಿಗಿಂತ ನಮಗೆ ಹೆಚ್ಚು ಹೊಂದುತ್ತದೆ. 2025ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಮನೆಯಲ್ಲಿ ಉಪ್ಪು ಬಳಸುವುದೇ ಆದರೆ ಇಂಥದ್ದನ್ನು ಬಳಸಬಹುದು ಎಂದು ಸಲಹೆ ಕೊಟ್ಟಿತು. ಆದರೆ ಅದೇ ಸಲಹೆಯಲ್ಲಿ ಬಸುರಿಯರು, ಮಕ್ಕಳು ಮತ್ತು ಕಿಡ್ನಿ ತೊಂದರೆ ಇರುವವರನ್ನು ಹೊರಗಿಟ್ಟಿದೆ. ಆ ಕೊನೆಯ ಮಾತು ಪಾಕೀಟಿನ ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ ಅನ್ನುವುದೇ ನನ್ನ ತಕರಾರು.

ಪೊಟ್ಯಾಸಿಯಂ ಲೆಕ್ಕ ಹಾಕಿ ನೋಡೋಣ. ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪನ್ನು ಒಬ್ಬರು ದಿನಕ್ಕೆ 8 ಗ್ರಾಂ ತಿಂದರು ಅನ್ನಿ. ಅದರಿಂದ ಸುಮಾರು 1 ಗ್ರಾಂ ಪೊಟ್ಯಾಸಿಯಂ ಸಿಗುತ್ತದೆ. ಎರಡೂವರೆ ಪಚ್ಚಬಾಳೆಹಣ್ಣಿನಷ್ಟು. ಕಿಡ್ನಿ ಸರಿ ಇದ್ದವರಿಗೆ ಇದು ಒಳ್ಳೆಯದೇ, ದಿನಕ್ಕೆ ಮೂರೂವರೆ ಗ್ರಾಂ ಬೇಕು, ಬಹಳ ಜನಕ್ಕೆ ಅಷ್ಟು ಸಿಗುವುದೂ ಇಲ್ಲ. ಕಿಡ್ನಿ ಸೋತವರಲ್ಲಿ ಮಾತ್ರ ಪೊಟ್ಯಾಸಿಯಂ ಹೊರಗೆ ಹೋಗದೆ ರಕ್ತದಲ್ಲಿ ಸೇರುತ್ತಾ ಹೋಗುತ್ತದೆ. ಮಿತಿ ಮೀರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಮೊದಲೇ ಎಚ್ಚರಿಸುವಂಥ ನೋವು, ಜ್ವರ ಏನೂ ಇರುವುದಿಲ್ಲ. ಎಳನೀರು ಬೇಡ, ಹಣ್ಣು ಮಿತವಾಗಿ ತಿನ್ನಿ ಎಂದು ಹೇಳಿಸಿಕೊಂಡಿರುವ ಡಯಾಲಿಸಿಸ್ ರೋಗಿಯ ಸಾರಿಗೆ ಮನೆಯವರು 'ಆರೋಗ್ಯಕ್ಕೆ ಒಳ್ಳೆಯದು' ಅಂತ ಇದನ್ನೇ ಹಾಕಿದರೆ ಏನಾಗಬಹುದು ಯೋಚಿಸಿ.

ಮಾತ್ರೆಗಳನ್ನೂ ನೋಡಬೇಕು. ಟೆಲ್ಮಿಸಾರ್ಟನ್, ಲೊಸಾರ್ಟನ್, ರಾಮಿಪ್ರಿಲ್, ಎನಾಲಾಪ್ರಿಲ್ ಇವು ಬಿಪಿಗೆ, ಕಿಡ್ನಿ ಉಳಿಸುವುದಕ್ಕೆ, ಹೃದಯಕ್ಕೆ ಕೊಡುವ ಒಳ್ಳೆಯ ಮಾತ್ರೆಗಳು. ಜೊತೆಗೆ ಪೊಟ್ಯಾಸಿಯಂ ಸ್ವಲ್ಪ ಏರಿಸುತ್ತವೆ. ಹೃದಯ ದುರ್ಬಲ ಇರುವವರಿಗೆ ಕೊಡುವ ಸ್ಪೈರೊನೊಲ್ಯಾಕ್ಟೋನ್ ಇನ್ನೂ ಜಾಸ್ತಿ ಏರಿಸುತ್ತದೆ. ಮೊದಲಿನವನ್ನು ತೆಗೆದುಕೊಳ್ಳುವವರು ಈ ಉಪ್ಪು ಮುಟ್ಟಲೇಬಾರದು ಅಂತಿಲ್ಲ, ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರನ್ನು ಕೇಳಿ ಶುರು ಮಾಡಬೇಕು. ಸ್ಪೈರೊನೊಲ್ಯಾಕ್ಟೋನ್ ಇದ್ದರೆ ಬೇಡವೇ ಬೇಡ. ಅಮ್ಲೋಡಿಪಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಮಾತ್ರೆಯಿಂದ ಈ ತಾಪತ್ರಯ ಇಲ್ಲ.

ಖರೀದಿಗೆ ಹೋದಾಗ ಇನ್ನೊಂದು ಗಮನಿಸಿ. ಪ್ರಯೋಗಗಳಲ್ಲಿ ಬಳಸಿದ್ದು ಶೇ. 25ರಿಂದ 30 ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪು. ಅಂಗಡಿಯಲ್ಲಿ ಸಿಗುವ ಕೆಲವು ಪಾಕೀಟಿನ ಮೇಲೆ 'ಶೇ. 15 ಕಡಿಮೆ ಸೋಡಿಯಂ' ಎಂದು ಇರುತ್ತದೆ. 10 ಗ್ರಾಂ ತಿನ್ನುವವರಿಗೆ ಅದು 8.5 ಗ್ರಾಂ ತಿಂದ ಹಾಗೆ. 'ಲೈಟ್ ಅಲ್ವಾ' ಅಂತ ಕೈ ಧಾರಾಳವಾದರೆ ಅಷ್ಟೂ ಉಳಿಯುವುದಿಲ್ಲ. ಪೊಟ್ಯಾಸಿಯಂ ಪಾಲು ಹೆಚ್ಚಿದಷ್ಟೂ ಕೊನೆಯಲ್ಲಿ ಒಂದು ಕಹಿ ಉಳಿಯುತ್ತದೆ. ಹುಳಿ, ಖಾರ ಇರುವ ಸಾರು, ಗೊಜ್ಜು, ಬಸ್ಸಾರಿನಲ್ಲಿ ಅದು ಗೊತ್ತಾಗುವುದಿಲ್ಲ. ಮೊಸರನ್ನ, ಮಜ್ಜಿಗೆ, ಗಂಜಿಯಲ್ಲಿ ಬೇಗ ಸಿಕ್ಕಿಬೀಳುತ್ತದೆ. ಬೆಲೆ ಮಾಮೂಲಿ ಉಪ್ಪಿಗಿಂತ ಜಾಸ್ತಿ, ಆದರೂ ಗುಲಾಬಿ ಉಪ್ಪಿಗೆ ಕೊಡುವ ದುಡ್ಡನ್ನು ಇದಕ್ಕೆ ಕೊಡುವುದರಲ್ಲಿ ಅರ್ಥ ಇದೆ. ಅಯೋಡಿನ್ ಇದೆಯೇ ಅಂತ ಇಲ್ಲೂ ಓದಿ.

ಹಾಗಾದರೆ ಯಾವ ಮನೆಗೆ ಯಾವುದು

ಬಿಪಿ ಇದೆ, ಅಥವಾ ಬರುವ ಅಂಚಿನಲ್ಲಿದೆ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಮತ್ತು ಪೊಟ್ಯಾಸಿಯಂ ಪರೀಕ್ಷೆ ಸರಿ ಬಂದಿದೆ, ಮೇಲೆ ಹೇಳಿದ ಪೊಟ್ಯಾಸಿಯಂ ಏರಿಸುವ ಮಾತ್ರೆಗಳಿಲ್ಲ, ಮನೆಯಲ್ಲಿ ಬಸುರಿಯರು, ಮಕ್ಕಳು ಇಲ್ಲ. ಇಂಥ ಮನೆಗೆ ಕಡಿಮೆ ಸೋಡಿಯಂ ಉಪ್ಪು ನನ್ನ ಮೊದಲ ಆಯ್ಕೆ. ರುಚಿಯ ಜೊತೆ ದಿನಾ ಗುದ್ದಾಡದೆ ಫಲ ಸಿಗುವ ದಾರಿ ಇದು.

ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದರೆ ಪರೀಕ್ಷೆ ಇಲ್ಲದೆ ಬದಲಾಯಿಸಬೇಡಿ. ಕಿಡ್ನಿ ಅರ್ಧ ಸೋತರೂ ಹೊರಗೆ ಏನೂ ಕಾಣದೆ ಇರಬಹುದು. ಲ್ಯಾಬ್ ರಿಪೋರ್ಟಿನಲ್ಲಿ ಇಜಿಎಫ್‌ಆರ್ ಅಂತ ಒಂದು ಸಂಖ್ಯೆ ಇರುತ್ತದೆ, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವ ಅಂದಾಜು ಅದು. 60ಕ್ಕಿಂತ ಕೆಳಗಿದ್ದರೆ ಮಾಮೂಲಿ ಅಯೋಡಿನ್ ಉಪ್ಪನ್ನೇ ಇಟ್ಟುಕೊಳ್ಳಿ, ಪ್ರಮಾಣ ಇಳಿಸಿ, ಡಾಕ್ಟರ್ ಹತ್ತಿರ ಮಾತಾಡಿ. ಕಿಡ್ನಿ ಕಾಯಿಲೆಯಲ್ಲಿ ಉಪ್ಪು ಇಳಿಸಿದರೆ ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಮಾತ್ರೆಗಳು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತವೆ.

ಹೃದಯ ದುರ್ಬಲವಾಗಿ ಕಾಲು ಊದುವವರ ಕಥೆ ಬೇರೆ. ಉಪ್ಪು ಜಾಸ್ತಿಯಾದರೆ ಮರುದಿನವೇ ತೂಕ ಏರುತ್ತದೆ, ಏದುಸಿರು ಬರುತ್ತದೆ. ಹಾಗಂತ ಪೂರ್ತಿ ಸಪ್ಪೆ ಮಾಡುವುದರಿಂದ ಆಯುಸ್ಸು ಹೆಚ್ಚುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಆರು ದೇಶಗಳ 806 ರೋಗಿಗಳ ಮೇಲೆ ಮಾಡಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸೋಡಿಯಂ ಒಂದೂವರೆ ಗ್ರಾಂಗಿಂತ ಕೆಳಗೆ ಇಳಿಸುವ ಗುರಿ ಇಟ್ಟುಕೊಂಡರೂ ಸಾವಾಗಲಿ, ಆಸ್ಪತ್ರೆಗೆ ಸೇರುವುದಾಗಲಿ ಕಡಿಮೆಯಾಗಲಿಲ್ಲ. ಸಪ್ಪೆ ಊಟ ಸೇರದೆ ವಯಸ್ಸಾದವರು ಉಣ್ಣುವುದನ್ನೇ ಬಿಟ್ಟು ಸೊರಗುವುದೂ ಉಂಟು. ಇವರಿಗೆ ಮಿತಿ ಎಷ್ಟು ಅಂತ ಹೃದಯದ ಡಾಕ್ಟರೇ ಹೇಳಬೇಕು. ಕಡಿಮೆ ಸೋಡಿಯಂ ಉಪ್ಪು ಸ್ವಂತ ನಿರ್ಧಾರದಿಂದ ಬೇಡ.

ಎಷ್ಟು ಇಳಿಸಬೇಕು ಅನ್ನುವುದರಲ್ಲಿ ತಜ್ಞರಲ್ಲೇ ಜಗಳ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯೂ ಭಾಗಿಯಾಗಿರುವ, ಹಲವು ದೇಶಗಳ ಪ್ಯೂರ್ ಅಧ್ಯಯನ, ದಿನಕ್ಕೆ 3ರಿಂದ 6 ಗ್ರಾಂ ಸೋಡಿಯಂ (ಉಪ್ಪಿನ ಲೆಕ್ಕದಲ್ಲಿ ಏಳೂವರೆಯಿಂದ 15 ಗ್ರಾಂ) ತಿನ್ನುವವರಲ್ಲೇ ಅಪಾಯ ಅತಿ ಕಡಿಮೆ, ಅದಕ್ಕಿಂತ ಕಡಿಮೆ ತಿನ್ನುವವರಲ್ಲೂ ಅಪಾಯ ಹೆಚ್ಚು ಎಂದು 2014ರಲ್ಲಿ ಹೇಳಿತು. ಒಂದು ಸಲದ ಮೂತ್ರ ನೋಡಿ ದಿನದ ಉಪ್ಪು ಅಂದಾಜು ಮಾಡುವುದು ಸರಿಯಲ್ಲ, ಕಾಯಿಲೆ ಬಿದ್ದವರೇ ಕಡಿಮೆ ತಿನ್ನುತ್ತಿರಬಹುದು ಎಂದು ಎದುರು ಪಕ್ಷದವರು ತಿರುಗಿ ಕೇಳಿದರು. ಜಗಳ ಇರುವುದು ಕೆಳಗಿನ ಮಿತಿಯ ಬಗ್ಗೆ. 15 ಗ್ರಾಂಗಿಂತ ಹೆಚ್ಚು ಉಪ್ಪು ತಿನ್ನುತ್ತಾ ಬಿಪಿ ಇಟ್ಟುಕೊಂಡವರು ಇಳಿಸಬೇಕು ಅನ್ನುವುದಕ್ಕೆ ಎರಡೂ ಕಡೆಯವರು ಒಪ್ಪುತ್ತಾರೆ.

ಕಷ್ಟದ ಮನೆ ಯಾವುದು ಗೊತ್ತಾ? ಅಪ್ಪನಿಗೆ ಕಿಡ್ನಿ ಕಾಯಿಲೆ, ಅಮ್ಮನಿಗೆ ಬಿಪಿ, ಸೊಸೆ ಬಸುರಿ, ಒಲೆ ಒಂದೇ. ಎರಡು ಡಬ್ಬಿ ಇಟ್ಟು ಎರಡು ಬಗೆ ಅಡುಗೆ ಮಾಡಿ ಅನ್ನುವುದು ಹೇಳುವವರಿಗೆ ಸುಲಭ. ಒಂದು ದಿನ ಅವಸರದಲ್ಲಿ ಡಬ್ಬಿ ಅದಲುಬದಲಾಗುವುದು ಖಂಡಿತ. ಇಂಥಲ್ಲಿ ಅಡುಗೆಮನೆಗೆ ಪೊಟ್ಯಾಸಿಯಂ ಉಪ್ಪು ತರಲೇಬೇಡಿ. ಅಯೋಡಿನ್ ಉಪ್ಪು ಒಂದೇ ಇರಲಿ, ಅಡುಗೆಗೆ ಕಡಿಮೆ ಹಾಕಿ, ಬೇಕಾದವರು ತಟ್ಟೆಯಲ್ಲಿ ಚಿಟಿಕೆ ಹಾಕಿಕೊಳ್ಳಲಿ.

ಮಾಮೂಲಿ ಉಪ್ಪನ್ನೇ ಇಳಿಸುವವರಿಗೆ

ಈಗ ಎಷ್ಟು ಖರ್ಚಾಗುತ್ತಿದೆ ಅಂತ ಮೊದಲು ನೋಡಿ. ಒಂದು ಕಿಲೋ ಪಾಕೀಟು ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಒಂದು ಕಿಲೋ ಮುಗಿದರೆ ತಲೆಗೆ ದಿನಕ್ಕೆ 8 ಗ್ರಾಂ ಮೇಲಾಯಿತು. ಹೊರಗಿನ ತಿಂಡಿ ಇದರಲ್ಲಿ ಸೇರಿಲ್ಲ. 600 ಗ್ರಾಂ ಆಸುಪಾಸಿಗೆ ಬಂದರೆ 5 ಗ್ರಾಂ ಹತ್ತಿರ ಬಂದಿರಿ.

ಇಳಿಸುವುದಕ್ಕೆ ಸುಲಭದ ಜಾಗಗಳಿವೆ. ಅನ್ನ ಬೇಯಿಸುವಾಗ, ಚಪಾತಿ ಹಿಟ್ಟಿಗೆ ಉಪ್ಪು ಹಾಕುವ ಅಭ್ಯಾಸ ಇದ್ದರೆ ಅದನ್ನು ಬಿಡಿ, ಜೊತೆಗೆ ಸಾರು ಪಲ್ಯ ಇರುವಾಗ ಗೊತ್ತೇ ಆಗುವುದಿಲ್ಲ. ಅಂಗಡಿಯ ಕೆಲವು ಮಸಾಲೆ ಪುಡಿಗಳಲ್ಲಿ ಉಪ್ಪು ಮೊದಲೇ ಸೇರಿರುತ್ತದೆ, ಅದರ ಮೇಲೆ ನಾವು ಅಳತೆಯ ಉಪ್ಪು ಹಾಕುತ್ತೇವೆ. ಊಟದ ತುದಿಗೆ ಬರುವ ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪಿನಕಾಯಿ, ಕರಾವಳಿಯವರಾದರೆ ಒಣಮೀನು, ಇವು ದಿನಾ ಬೇಕೇ ಅನ್ನುವುದು ನೋಡಿಕೊಳ್ಳಬೇಕು. ನಿಂಬೆಹಣ್ಣು, ಹುಣಸೆ, ಪುನರ್ಪುಳಿ, ಕಾಳುಮೆಣಸು, ಬೆಳ್ಳುಳ್ಳಿ ಒಗ್ಗರಣೆ ಇದ್ದರೆ ನಾಲಿಗೆಗೆ ಉಪ್ಪಿನ ಕೊರತೆ ಅಷ್ಟು ಕಾಡುವುದಿಲ್ಲ. ಸ್ವಲ್ಪ ಸ್ವಲ್ಪವೇ ಇಳಿಸಿದರೆ ಕೆಲವು ವಾರಗಳಲ್ಲಿ ಒಗ್ಗಿಹೋಗುತ್ತದೆ, ಆಮೇಲೆ ಹೋಟೆಲಿನ ಸಾಂಬಾರೇ ಉಪ್ಪಾಗಿ ಕಾಣುತ್ತದೆ.

ಪಾಕೀಟಿನ ಹಿಂದೆ ಉಪ್ಪು ಎಷ್ಟು ಅಂತ ಬರೆದಿರುವುದಿಲ್ಲ, ಸೋಡಿಯಂ ಎಷ್ಟು ಅಂತ ಇರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿ. 100 ಗ್ರಾಂಗೆ 1000 ಮಿಲಿಗ್ರಾಂ ಸೋಡಿಯಂ ಅಂದರೆ ಎರಡೂವರೆ ಗ್ರಾಂ ಉಪ್ಪು. ಉಪ್ಪಿನ ರುಚಿಯೇ ಇಲ್ಲದ ಕಡೆಯೂ ಸೋಡಿಯಂ ಅಡಗಿರುತ್ತದೆ. ಅಡುಗೆ ಸೋಡ, ಹಪ್ಪಳದ ಖಾರ, ಗ್ಯಾಸ್‌ಗೆ ಅಂತ ನೀರಿಗೆ ಹಾಕಿ ಕುಡಿಯುವ ಪುಡಿ, ನೀರಲ್ಲಿ ಬುರುಬುರು ಕರಗುವ ಎಷ್ಟೋ ಮಾತ್ರೆಗಳು. ಬಿಪಿ ಇರುವವರು ಗ್ಯಾಸ್ ಪುಡಿಯನ್ನು ದಿನಾ ಕುಡಿಯುತ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು.

ವಾಂತಿ ಭೇದಿ ಆದಾಗ ಈ ಲೆಕ್ಕವೆಲ್ಲ ಪಕ್ಕಕ್ಕಿಡಿ, ಓಆರ್‌ಎಸ್‌ನಲ್ಲಿರುವ ಸೋಡಿಯಂ ಆಗ ಬೇಕೇ ಬೇಕು. ಕಿಡ್ನಿ ಅಥವಾ ಹೃದಯ ದುರ್ಬಲ ಇದ್ದವರು ಎಷ್ಟು ಕುಡಿಯಬೇಕು ಅಂತ ಡಾಕ್ಟರನ್ನು ಕೇಳಿಕೊಳ್ಳಲಿ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರು ಸುಮ್ನೆ ಯಾರದೋ ಮಾತು ಕೇಳಿ ಉಪ್ಪನ್ನು ಪೂರ್ತಿ ಬಿಡಬಾರದು. ರಕ್ತದಲ್ಲಿ ಸೋಡಿಯಂ ಕುಸಿದರೆ ಸುಸ್ತು, ತಲೆಸುತ್ತು, ಮಾತಿನಲ್ಲಿ ಗೊಂದಲ ಶುರುವಾಗುತ್ತದೆ.

ಉಪ್ಪು ಬದಲಾಯಿಸಿದರೂ, ಇಳಿಸಿದರೂ ಬಿಪಿ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ. ಮನೆಯಲ್ಲಿ ಮಿಷನ್ ಇದ್ದರೆ ಬೆಳಿಗ್ಗೆ, ಸಂಜೆ ಐದು ನಿಮಿಷ ಕೂತು ಅಳೆದು ಬರೆದಿಡಿ. ತಿಂಗಳ ನಂತರ ಆ ಚೀಟಿಯನ್ನೂ, ಉಪ್ಪಿನ ಪಾಕೀಟಿನ ಹಿಂಭಾಗದ ಫೋಟೊವನ್ನೂ ಡಾಕ್ಟರಿಗೆ ತೋರಿಸಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಮಾತ್ರೆಗಳ ಜೊತೆ, ಡಾಕ್ಟರನ್ನು ಕೇಳಿ ಕಡಿಮೆ ಸೋಡಿಯಂ ಉಪ್ಪು ಶುರು ಮಾಡಿದವರು ಕೆಲವೇ ವಾರಗಳಲ್ಲಿ ಪೊಟ್ಯಾಸಿಯಂ ಮತ್ತು ಕ್ರಿಯಾಟಿನಿನ್ ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.